ನೆರಳು ಹಿಡಿದು ಕಂದರದ ಆಳ ಅಳೆದೆ

ಶನಿಯ ಉಪಗ್ರಹ ಟೆಥಿಸ್ ಮೇಲೆ ಇಥಾಕಾ ಕಾಸ್ಮಾ ಅನ್ನುವ ಕಂದರ ಇದೆ. ಉದ್ದ ಸಾವಿರ ಕಿ.ಮೀ.ಗೂ ಹೆಚ್ಚು, ಅಗಲ ಸುಮಾರು 100. ಟೆಥಿಸ್‌ನ ವ್ಯಾಸವೇ 1,060 ಕಿ.ಮೀ. ಆಸುಪಾಸು! ಇದರ ಆಳವನ್ನು ನಾನೇ ಅಳೆಯಬೇಕು ಅನ್ನುವ ಹುಚ್ಚು ಹತ್ತಿತು.

ಕ್ಯಾಸಿನಿ ನೌಕೆ 2004ರಿಂದ 2017ರವರೆಗೆ ಶನಿಯ ಸುತ್ತ ತಿರುಗುತ್ತಾ ಕಳಿಸಿದ ಚಿತ್ರಗಳನ್ನು ನಾಸಾ ಎಲ್ಲರಿಗೂ ಪುಕ್ಕಟೆ ಕೊಡುತ್ತದೆ. ಕಷ್ಟ ಇರುವುದು ಆರಿಸುವುದರಲ್ಲಿ. ಸೂರ್ಯ ನೆತ್ತಿಯ ಮೇಲಿದ್ದಾಗ ತೆಗೆದ ಚಿತ್ರದಲ್ಲಿ ಕಂದರವೇ ಕಾಣದು, ಸುಣ್ಣ ಹೊಡೆದ ಗೋಡೆ ನೋಡಿದ ಹಾಗೆ. ಹಗಲು ರಾತ್ರಿಗಳ ಗಡಿಯ ಹತ್ತಿರ ಕಂದರ ಬಂದಿರುವ ಚಿತ್ರ ಬೇಕು. ಅದೂ ಗೋಳದ ಅಂಚಿನಲ್ಲಿದ್ದರೆ ಆಗದು, ಅಲ್ಲಿ ದೂರಗಳೆಲ್ಲ ಮುದುಡಿರುತ್ತವೆ.

ಅಂಥದ್ದೊಂದು ಸಿಕ್ಕಿತು. ತೆರೆದು ನೋಡಿದರೆ ಕಂದರದ ಬದಲು ಉದ್ದದ ದಿಬ್ಬ! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಮೇಜಿನ ಆಚೆ ಕೂತಿದ್ದ ಮಗಳಿಗೆ ಪ್ರಿಂಟ್ ತಲೆಕೆಳಗಾಗಿ ಕಾಣುತ್ತಿತ್ತು. "ಅಪ್ಪಾ, ಅದು ಹಳ್ಳ ಅಲ್ವಾ?" ಅಂದಳು. ಬಿಸಿಲು ಚಿತ್ರದ ಕೆಳಗಿನಿಂದ ಬಿದ್ದಿತ್ತು, ಕಣ್ಣು ಮೇಲಿನಿಂದ ಬೀಳುವ ಬೆಳಕಿಗೆ ಒಗ್ಗಿದೆ. ಅಂದಿನಿಂದ ಮೊದಲು ಒಂದು ಕುಳಿ ಹುಡುಕುತ್ತೇನೆ. ಅದು ಬೋಂಡಾದಂತೆ ಉಬ್ಬಿ ಕಂಡರೆ ಚಿತ್ರ ತಿರುಗಿಸುತ್ತೇನೆ.

ಲೆಕ್ಕ ಹೈಸ್ಕೂಲಿನದು. ನೆರಳಿನ ಉದ್ದವನ್ನು ಸೂರ್ಯನ ಎತ್ತರದ ಕೋನದ ಟ್ಯಾನ್‌ನಿಂದ ಗುಣಿಸಿದರೆ ಆಳ. ಕ್ಯಾಸಿನಿಯ ಟೆಲಿಫೋಟೋ ಕ್ಯಾಮೆರಾದಲ್ಲಿ ಲಕ್ಷ ಕಿ.ಮೀ. ದೂರಕ್ಕೆ ಒಂದು ಪಿಕ್ಸೆಲ್ ಅಂದರೆ 0.6 ಕಿ.ಮೀ. ಸೂರ್ಯ 20 ಡಿಗ್ರಿ ಮೇಲಿದ್ದ, ನೆರಳು 19 ಪಿಕ್ಸೆಲ್ ಬಂತು. ಆಳ 4 ಕಿ.ಮೀ. ದಾಟಿತು! ಸುಮಾರು 3 ಅಂತ ಓದಿದ್ದೆ. ಚಿತ್ರ ಚೆಂದ ಕಾಣಲಿ ಅಂತ ಕಾಂಟ್ರಾಸ್ಟ್ ಏರಿಸಿದ್ದು ನಾನೇ. ಮಂದ ಬಿಸಿಲಿದ್ದ ಇಳಿಜಾರೂ ಕಪ್ಪಾಗಿ ನೆರಳಿಗೆ ಸೇರಿಕೊಂಡಿತ್ತು. ಮೂಲ ಚಿತ್ರದಲ್ಲಿ ಎಣಿಸಿದಾಗ 13 ಪಿಕ್ಸೆಲ್, 2.8 ಕಿ.ಮೀ.

ಟೆಥಿಸ್ ಹೆಚ್ಚುಕಡಿಮೆ ಬರೀ ಮಂಜುಗಡ್ಡೆ. ಒಳಗಿದ್ದ ನೀರು ಹೆಪ್ಪುಗಟ್ಟುತ್ತಾ ಹಿಗ್ಗಿ, ಹೊರಚಿಪ್ಪು ಬಿರಿಯಿತು ಅನ್ನುವುದು ಒಂದು ವಿವರಣೆ. ಒಡಿಸ್ಯೂಸ್ ಅನ್ನುವ ಭಾರಿ ಕುಳಿ ಬಿದ್ದ ಏಟಿಗೆ ಸೀಳಿತು ಅನ್ನುವುದು ಇನ್ನೊಂದು. ನನಗೆ ಮೊದಲನೆಯದೇ ಸರಿ ಅನಿಸುತ್ತದೆ, ಯಾಕೆಂದರೆ ಸಣ್ಣ ಕುಳಿಗಳನ್ನು ಎಣಿಸಿದವರು (ಕುಳಿ ಹೆಚ್ಚಿದ್ದಷ್ಟೂ ನೆಲ ಹಳೆಯದು) ಕಂದರವೇ ಒಡಿಸ್ಯೂಸ್‌ಗಿಂತ ಹಳೆಯದು ಅಂದಿದ್ದಾರೆ. ನಾನೂ ಒಂದು ಭಾನುವಾರ ಎಣಿಸಲು ಕೂತೆ. ಇನ್ನೂರು ದಾಟುವಷ್ಟರಲ್ಲಿ ಯಾವುದು ಎಣಿಸಿದ್ದು, ಯಾವುದು ಬಿಟ್ಟದ್ದು ಅಂತ ಮರೆತೇಹೋಯಿತು. ಈಗ ಕೆಂಪು ಚುಕ್ಕಿ ಇಡುತ್ತಾ ಮೊದಲಿನಿಂದ ಶುರು ಮಾಡಿದ್ದೇನೆ.