ಖೋಟಾ ನೋಟು ಕೇಸಿನ ಅಪೀಲು: ಮೊದಲು ಮಹಜರು ತೆಗೆಯಿರಿ

ಕಾಸರಗೋಡಿನ ವಿದ್ಯಾನಗರ ಕೋರ್ಟಿನಲ್ಲಿ ನಾನು ವಕೀಲರ ಗುಮಾಸ್ತ. ಶಿಕ್ಷೆಯಾದ ದಿನ ಮನೆಯವರು ಅಳುತ್ತಾ ನಿಂತಿರುತ್ತಾರೆ. ನಾನು ತೀರ್ಪಿನ ನಕಲಿಗೆ ಅರ್ಜಿ ಹಾಕಿಸುತ್ತೇನೆ. ಸೆಷನ್ಸ್ ಕೋರ್ಟಿನ ತೀರ್ಪಾದರೆ ಎರ್ನಾಕುಲದ ಹೈಕೋರ್ಟಿಗೆ ಹೋಗಲು 60 ದಿನ. ನಕಲು ಸಿಗಲು ಹಿಡಿದ ದಿನ ಲೆಕ್ಕಕ್ಕಿಲ್ಲ. ಶಿಕ್ಷೆ ಅಮಾನತಿನ ಅರ್ಜಿಯೂ ಜೊತೆಗೇ ಹೋಗಲಿ. ದುಡ್ಡಿಲ್ಲವೇ? ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು; ವಕೀಲರಿಗಾಗಿ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ.

ಇನ್ನು ಅಸಲು ಕೆಲಸ. ಮಹಜರಿನ (ನೋಟು ವಶಪಡಿಸಿಕೊಂಡಾಗ ಪೊಲೀಸರು ಸಾಕ್ಷಿಗಳ ಎದುರು ಬರೆದ ಪತ್ರ) ನೋಟು ನಂಬರುಗಳನ್ನು ಪರೀಕ್ಷಾ ವರದಿಯ ಪಕ್ಕ ಇಟ್ಟು, ಬೆರಳಿಟ್ಟು ಒಂದೊಂದೇ ಓದಿ. ಒಮ್ಮೆ ನಮಗೆ 3 ಇರಬೇಕಾದಲ್ಲಿ 8 ಸಿಕ್ಕಿತ್ತು. ಮಹಜರು ಮಲಯಾಳದಲ್ಲಿ, ಸಹಿ ಕನ್ನಡದಲ್ಲಿ ಇದ್ದರೆ ಸಹಿ ಹಾಕಿದವರಿಗೆ ಅದನ್ನು ಓದಿ ಹೇಳಿದವರು ಯಾರೆಂದು ಹುಡುಕಿ. ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ.

ನೋಟು ಖೋಟಾ ಎಂದರಷ್ಟೇ ಸಾಲದು. ಹಳೆಯ ದಂಡ ಸಂಹಿತೆಯ 489ಬಿ (ಖೋಟಾ ನೋಟು ಚಲಾಯಿಸುವುದು) ಇರಲಿ, 489ಸಿ (ಚಲಾಯಿಸಲು ಇಟ್ಟುಕೊಳ್ಳುವುದು) ಇರಲಿ (ಈಗ ಭಾರತೀಯ ನ್ಯಾಯ ಸಂಹಿತೆಯ 179, 180), ಖೋಟಾ ಎಂದು ಆರೋಪಿಗೆ ಗೊತ್ತಿತ್ತು, ಇಲ್ಲವೇ ಹಾಗೆ ನಂಬಲು ಕಾರಣವಿತ್ತು ಎಂದು ಪ್ರಾಸಿಕ್ಯೂಶನ್ ತೋರಿಸಬೇಕು. ಮಾವಿನಹಣ್ಣಿಗೆ 100ರ ನೋಟು ಕೊಟ್ಟ ಛತ್ತೀಸ್‌ಗಢದ ಹುಡುಗನನ್ನು 2001ರಲ್ಲಿ ಸುಪ್ರೀಂ ಕೋರ್ಟು ಬಿಟ್ಟದ್ದು ಇದೇ ಕಾರಣಕ್ಕೆ. ಆರೋಪಿಗೆ ನ್ಯಾಯಾಧೀಶರು ಕೇಳಿದ ಪ್ರಶ್ನೆಗಳಲ್ಲಿ ಈ ತಿಳಿವಳಿಕೆಯ ಪ್ರಶ್ನೆ ಬಂದಿದೆಯೇ? ಬಂದಿಲ್ಲವಾದರೆ ಅಪೀಲಿನ ಮೊದಲ ಪುಟದಲ್ಲೇ ಬರೆಸಿ.

ಅಡಿಕೆ ಮಾರಿದ ದುಡ್ಡಲ್ಲಿ ಬಂದ ನೋಟು ಎನ್ನುವವರು ಅಂಗಡಿಯ ಚೀಟಿಯನ್ನು ವಿಚಾರಣೆಯಲ್ಲೇ ಕೊಡಬೇಕಿತ್ತು. ಅಪೀಲಿನಲ್ಲಿ ಜೇಬಿನಿಂದ ತೆಗೆದರೆ, ಇಷ್ಟು ದಿನ ಎಲ್ಲಿತ್ತು ಅನ್ನುತ್ತಾರೆ.