ಡ್ರಾಯಿಂಗ್ ಟೀಚರ್ ಕೆಲಸ, ನಡುವೆ ನನ್ನ ಚಿತ್ರ

"ನಿಮಗೇನ್ರಿ ಮೇಡಂ, ದಿನಾ ಚಿತ್ರಾ ತಗಿಯೂದ ಕೆಲಸ" ಎಂದು ಸ್ಟಾಫ್‌ರೂಮಿನಲ್ಲಿ ಯಾರಾದರೂ ಅಂದರೆ ಈಗ ನಕ್ಕು ಸುಮ್ಮನಾಗುತ್ತೇನೆ. ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾದವಳಿಗೆ ಚಿತ್ರ ಒಂದನ್ನು ಬಿಟ್ಟು ಉಳಿದ ಕೆಲಸವೆಲ್ಲ ಪಾಲಿಗೆ ಬರುತ್ತದೆ: ಗ್ಯಾದರಿಂಗಿಗೆ ಬ್ಯಾನರ್, ಆಗಸ್ಟ್ ಹದಿನೈದಕ್ಕೆ ರಂಗೋಲಿ, ಪ್ರತಿಭಾ ಕಾರಂಜಿ, ಸರ್ಟಿಫಿಕೇಟಿನ ಮೇಲೆ ದುಂಡಗೆ ಹೆಸರು. ಅಕ್ಷರ ಚೆಂದ ಇರುವುದೂ ಒಂದು ಶಾಪ.

ಶಾಲೆಯ ಗೋಡೆಗೆ ಚಿತ್ರ ಬರೆಯುವ ಕೆಲಸಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟೇ. ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು ಬರೆಯುವುದಿಲ್ಲ. ಒಂಬತ್ತನೇ ತರಗತಿಯ ಪೀರಿಯಡ್ಡಿನಲ್ಲೇ ಚೌಕ ಹಾಕಿ, ಸಣ್ಣ ಚಿತ್ರವನ್ನು ಗೋಡೆಗೆ ದೊಡ್ಡದು ಮಾಡುವುದನ್ನು ಮಕ್ಕಳಿಗೇ ಕಲಿಸಿಬಿಡುತ್ತೇನೆ. ಪಾಠವೂ ಆಯಿತು, ಸಂಜೆಯೂ ಉಳಿಯಿತು.

"ಕಲಿಸೋದೇ ನನ್ನ ಕಲೆ" ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಸ್ವಂತಕ್ಕೆ ಕುಂಚ ಹಿಡಿಯದೆ ತಿಂಗಳು ಕಳೆದರೆ ತರಗತಿಯಲ್ಲೂ ಅದೇ ಹೂದಾನಿ, ಅದೇ ಸೂರ್ಯೋದಯ ಶುರುವಾಗುತ್ತದೆ. ನಮ್ಮ ಪಕ್ಕದ ಬೆಳಗಾವಿಯ ಚಿತ್ರಕಲಾವಿದ ಕೆ.ಬಿ. ಕುಲಕರ್ಣಿಯವರು ಕಲಿಸುತ್ತಲೂ ಇದ್ದರು, ಚಿತ್ರ ಬರೆಯುತ್ತಲೂ ಇದ್ದರು. ಚಿತ್ರಕಾರ ರವಿ ಪರಾಂಜಪೆಯವರಂಥ ಶಿಷ್ಯರು ಅವರ ಕೈಕೆಳಗೆ ತಯಾರಾದರು.

ಮೇ ರಜೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಲು ನಲವತ್ತು ದಾಟಿದಾಗ ಜಲವರ್ಣದ ವಾಶ್, ಅಂದರೆ ನೀರಾದ ಬಣ್ಣದ ತೆಳು ಪದರ, ಎಳೆಯುತ್ತಿದ್ದಂತೆಯೇ ಒಣಗಿ, ನಡುವೆ ಗೆರೆ ಎದ್ದುಬಿಡುತ್ತದೆ. ನನ್ನ ಹಂಗಾಮು ನವೆಂಬರಿನಿಂದ ಫೆಬ್ರುವರಿ. ಶನಿವಾರ ಶಾಲೆ ಅರ್ಧ ದಿನ. ಊಟದ ಡಬ್ಬಿ ಖಾಲಿ ಮಾಡಿ ಸೀದಾ ಬಾರಾ ಕಮಾನಿಗೆ ಹೋಗುತ್ತೇನೆ. ಎರಡನೇ ಅಲಿ ಆದಿಲ್‌ಶಾಹನ ಗೋರಿ ಅದು. 1672ರಲ್ಲಿ ಅವನು ತೀರಿಕೊಂಡ, ಗುಮ್ಮಟ ಏರಲೇ ಇಲ್ಲ. ಇಳಿಹೊತ್ತಿಗೆ ಆ ಕರಿಗಲ್ಲಿನ ಕಮಾನುಗಳ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಬೀಳುತ್ತದೆ.

ಅಲ್ಲಿ ಮೊದಲು ಕಲ್ಲನ್ನು ಬರೆಯುವುದಿಲ್ಲ. ಕಾಗದದ ಎರಡೂ ಮೈ ಒದ್ದೆ ಮಾಡಿ, ಕಮಾನಿನ ನಡುವೆ ಕಾಣುವ ಆಕಾಶದ ತುಂಡುಗಳನ್ನಷ್ಟೇ ತುಂಬುತ್ತೇನೆ. ಅವು ಸರಿ ಕೂತರೆ ಕಮಾನು ತಾನೇ ನಿಲ್ಲುತ್ತದೆ. ಕಲ್ಲಿಗೆ ಕಪ್ಪು ಬಣ್ಣ ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಜೀವ ಇರುವ ಬೂದು ಬರುತ್ತದೆ. ಬಿಸಿಲು ತಾಗಿದ ಕಡೆ ಸಿಯೆನ್ನಾ ಒಂದು ಕೈ ಮೇಲು, ನೆರಳಿಗೆ ನೀಲಿ. ಸುತ್ತ ನಿಂತ ಹುಡುಗರು "ಕಲ್ಲು ಯಾವಾಗ ತಗೀತೀರಿ?" ಎಂದು ಕೇಳುತ್ತಲೇ ಇರುತ್ತಾರೆ.

ಅದೇ ವಿದ್ಯೆ ಸೋಮವಾರ ತರಗತಿಗೆ ಬರುತ್ತದೆ. ಬೆಂಚನ್ನು ಬಿಟ್ಟು, ಅದರ ಕಾಲುಗಳ ನಡುವಿನ ಖಾಲಿ ಜಾಗವನ್ನು ಬರೆಯಿರಿ ಅನ್ನುತ್ತೇನೆ. ಚಿತ್ರಕಲೆಯ ಲೋವರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಇದರಿಂದ ವಸ್ತುಚಿತ್ರದ ಅಳತೆ ಎಷ್ಟೋ ಸುಧಾರಿಸುತ್ತದೆ. ತರಗತಿಯಿಂದ ನನಗೂ ಲಾಭ ಇದೆ. ಗಂಟೆ ಹೊಡೆಯುವುದರೊಳಗೆ ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ತೋರಿಸಿ ತೋರಿಸಿ, ದೊಡ್ಡ ಆಕಾರ ಮೊದಲು ಹಿಡಿಯುವುದು ಕೈಗೆ ರೂಢಿಯಾಗಿದೆ. ಬಾರಾ ಕಮಾನಿನಲ್ಲಿ ಬೆಳಕು ಹೋಗುವ ಮುನ್ನ ಚಿತ್ರ ಮುಗಿಯುವುದು ಅದರಿಂದಲೇ.

ದೊಡ್ಡ ಕ್ಯಾನ್ವಾಸ್ ಬಿಟ್ಟಿದ್ದೇನೆ. ಹನ್ನೊಂದಕ್ಕೆ ಹದಿನೈದು ಇಂಚಿನ ಕಾಲು ಶೀಟು, ಮುನ್ನೂರು ಜಿಎಸ್ಎಂನ ದಪ್ಪ ಕಾಗದ. ಒಂದೇ ಸಲ ಕೂತರೆ ಮುಗಿಯುತ್ತದೆ, ಅಡುಗೆಮನೆ ಕಟ್ಟೆಯ ಮೇಲೂ ಒಣಗುತ್ತದೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗುವಾಗ ಅಷ್ಟೂ ಚಿತ್ರ ಒಂದೇ ಫೈಲಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುತ್ತವೆ. ಫ್ರೇಮು ಹಾಕಿಸಿ ಒಯ್ಯುವ ಗೋಜೇ ಬೇಡ, ಗಾಜು ಹೊತ್ತು ಬರ್ತಿನಲ್ಲಿ ಮಲಗಲಾಗದು. ಸಂತೆ ರವಿವಾರ ಇರುತ್ತದೆ. ಸೋಮವಾರಕ್ಕೆ ಸಿಎಲ್ ರಜೆಯ ಅರ್ಜಿಯನ್ನು ಮೊದಲೇ ಕೊಟ್ಟಿರುತ್ತೇನೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಹತ್ತನೇ ತರಗತಿ ಬಿ ಸೆಕ್ಷನ್ನಿನ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ.