ಕೀಮೋ ಮುಗಿಸಿ ಮನೆಗೆ ಬಂದ ಮೇಲೆ: 21 ದಿನಗಳ ಆರೈಕೆ

ಈಗ ಕೀಮೋಥೆರಪಿ ಬಹುಮಟ್ಟಿಗೆ ಡೇ ಕೇರ್ ವಾರ್ಡಿನಲ್ಲೇ ನಡೆಯುತ್ತದೆ. ಬೆಳಿಗ್ಗೆ ರಕ್ತಪರೀಕ್ಷೆಯ ವರದಿ ತೋರಿಸಿ, ಡ್ರಿಪ್ ಹಾಕಿಸಿಕೊಂಡು, ಸಂಜೆಗೆ ಮಾತ್ರೆಗಳ ಚೀಲ ಹಿಡಿದು ಊರಿಗೆ ಹೊರಡುವವರೇ ಹೆಚ್ಚು. ಔಷಧಿ ಮೈಗೆ ಸೇರುವುದು ಆಸ್ಪತ್ರೆಯಲ್ಲಾದರೂ ಅದರ ಅಡ್ಡಪರಿಣಾಮಗಳು ಕಾಣಿಸಿಕೊಳ್ಳುವುದು ಮನೆಯಲ್ಲಿ, ಅದೂ ಸಾಮಾನ್ಯವಾಗಿ ಅಪರಾತ್ರಿಯಲ್ಲಿ. ರಾಯಚೂರು, ಕೊಪ್ಪಳ, ಚಾಮರಾಜನಗರಗಳಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಹೋಗುವ ಕುಟುಂಬಗಳಿಗೆ ಈ ದೂರದ ಆತಂಕ ಚೆನ್ನಾಗಿ ಗೊತ್ತು. ಸ್ತನ ಕ್ಯಾನ್ಸರ್ ಆಗಿದ್ದ ನಮ್ಮ ಅಮ್ಮನಿಗೆ 21 ದಿನಕ್ಕೊಮ್ಮೆಯಂತೆ 4 ಸಲ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಔಷಧಿಗಳನ್ನು ಕೊಟ್ಟರು. ಆಮೇಲೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ಕೊಟ್ಟರು. ಆ ತಿಂಗಳುಗಳಲ್ಲಿ ಮನೆಯಲ್ಲಿ ಏನು ಮಾಡಬೇಕೆಂದು ಕಲಿತೆನೋ ಅದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮವರ ಔಷಧಿ ಬೇರೆಯಿರಬಹುದು. ಅಂಥಲ್ಲಿ ನಿಮ್ಮ ಡಾಕ್ಟರ ಮಾತನ್ನೇ ನಡೆಸಿ.

ಮೊದಲು ಮಾಡಬೇಕಾದ ಕೆಲಸ ದಿನ ಎಣಿಸುವುದು. ಡ್ರಿಪ್ ಹಾಕಿದ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ 1 ಎಂದು ಬರೆದು, ಮುಂದಿನ ಸೈಕಲ್, ಅಂದರೆ ಮುಂದಿನ ಸಲದ ಕೀಮೋ, ಬರುವವರೆಗೂ ಪ್ರತಿದಿನಕ್ಕೂ ಸಂಖ್ಯೆ ಹಾಕಿಬಿಡಿ. ಅಡ್ಡಪರಿಣಾಮಗಳು ಮನಬಂದಂತೆ ಬರುವುದಿಲ್ಲ, ಅವಕ್ಕೆ ಬಹುಮಟ್ಟಿಗೆ ಒಂದು ಸರದಿ ಇದೆ. ವಾಂತಿ ಮೊದಲ ವಾರದ್ದು, ಬಾಯಿಹುಣ್ಣು ಅದರ ಬೆನ್ನಿಗೆ ಬರುವಂಥದ್ದು, ಸೋಂಕಿನ ಅಪಾಯ ಹೆಚ್ಚಿರುವುದು ಸುಮಾರು 7ರಿಂದ 14ನೆಯ ದಿನದ ನಡುವೆ. ಇಂದು ಎಷ್ಟನೆಯ ದಿನ ಎಂದು ಮನೆಮಂದಿಗೆಲ್ಲ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಇದರ ಜೊತೆಗೆ ಒಂದು ಡಿಜಿಟಲ್ ಥರ್ಮಾಮೀಟರ್, ಒಂದು ನೋಟ್‌ಬುಕ್, ಡಿಸ್ಚಾರ್ಜ್ ಸಮ್ಮರಿಯ ಎರಡು ಜೆರಾಕ್ಸ್ ಪ್ರತಿ ಮತ್ತು ವಾರ್ಡಿನ ಫೋನ್ ನಂಬರು ಒಂದೇ ಕಡೆ ಕೈಗೆ ಸಿಗುವಂತಿರಲಿ.

ಮೊದಲ ಎರಡು ದಿನ. ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿಯಾದ್ದರಿಂದ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ; ರಕ್ತ ಹೋಗುತ್ತಿದೆಯೆಂದು ಹೆದರಬೇಕಾಗಿಲ್ಲ. ಸೈಕ್ಲೊಫಾಸ್ಫಮೈಡ್ ಮೂತ್ರಕೋಶದ ಒಳಪದರವನ್ನು ಕೆರಳಿಸುವುದರಿಂದ, ನೀರು ಕಡಿಮೆ ಕುಡಿಯಬೇಕೆಂದು ಡಾಕ್ಟರು ಹೇಳಿರದಿದ್ದರೆ, ಹೆಚ್ಚು ನೀರು ಕುಡಿಸಿ, ರಾತ್ರಿಯೂ ಒಮ್ಮೆ ಎಬ್ಬಿಸಿ ಮೂತ್ರಕ್ಕೆ ಕಳುಹಿಸುವುದು ಒಳ್ಳೆಯದು. ಸುಮಾರು 48 ಗಂಟೆಗಳವರೆಗೆ ಮಲ, ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶವಿರುತ್ತದೆ. ಆ ಅವಧಿಯಲ್ಲಿ ಶೌಚಾಲಯಕ್ಕೆ ಎರಡು ಸಲ ಧಾರಾಳವಾಗಿ ನೀರು ಹಾಕಬೇಕು, ಕೊಳೆಯಾದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯಬೇಕು, ಮನೆಯಲ್ಲಿ ಬಸುರಿಯರಿದ್ದರೆ ಈ ಕೆಲಸವನ್ನು ಬೇರೆಯವರು ಮಾಡಬೇಕು. ಪಕ್ಕದಲ್ಲಿ ಕೂರುವುದಕ್ಕೆ, ತಬ್ಬಿಕೊಳ್ಳುವುದಕ್ಕೆ, ಒಟ್ಟಿಗೆ ಊಟ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸೂಜಿ ಚುಚ್ಚಿದ ಜಾಗ ಉರಿದು, ಕೆಂಪಾಗಿ ಊದಿಕೊಂಡರೆ ಮಾತ್ರ ಬಿಸಿ ಶಾಖ ಕೊಡಲು ಹೋಗದೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು.

ಕೆಲವರಿಗೆ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಬರೆದುಕೊಡುತ್ತಾರೆ. ಪೆಗ್‌ಫಿಲ್‌ಗ್ರಾಸ್ಟಿಮ್ ಆದರೆ ಅದನ್ನು ಸಾಮಾನ್ಯವಾಗಿ ಕೀಮೋ ಮುಗಿದು 24 ಗಂಟೆ ಕಳೆದ ಮೇಲೆಯೇ ಕೊಡಬೇಕು, ಅಲ್ಲಿಯವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಊರಿಗೆ ಒಯ್ಯುವುದಾದರೆ ಔಷಧಿ ಅಂಗಡಿಯವರಿಂದ ಐಸ್ ಪ್ಯಾಕ್ ಇರುವ ಡಬ್ಬಿ ಕೇಳಿ ಪಡೆಯಿರಿ. ಫ್ರಿಜ್ಜಿನ ಐಸ್ ಕಟ್ಟುವ ಭಾಗದಲ್ಲಿ ಮಾತ್ರ ಇಡಬೇಡಿ. ಈ ಇಂಜೆಕ್ಷನ್ ಆದ ಮೇಲೆ ಸೊಂಟ, ಬೆನ್ನುಮೂಳೆಗಳಲ್ಲಿ ನೋವು ಬರುವುದುಂಟು. ಯಾವ ನೋವಿನ ಮಾತ್ರೆ ಕೊಡಬಹುದೆಂದು ಮುಂಚೆಯೇ ಕೇಳಿ ಬರೆಸಿಕೊಳ್ಳಿ.

ವಾಂತಿಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಹೊಟ್ಟೆ ತೊಳಸಿದ ಮೇಲೆ ಮಾತ್ರೆ ಕೊಡುವುದು. ಬರೆದುಕೊಟ್ಟ ಮಾತ್ರೆಗಳನ್ನು ವಾಕರಿಕೆ ಇರಲಿ ಬಿಡಲಿ, ಹೇಳಿದ ಹೊತ್ತಿಗೆ ಹೇಳಿದಷ್ಟು ದಿನ ಕೊಡಲೇಬೇಕು. ವಾಂತಿ ಒಮ್ಮೆ ಶುರುವಾದರೆ ಹಿಡಿತಕ್ಕೆ ತರುವುದು ಕಷ್ಟ. ವಾಂತಿ ತಡೆಯಲು ಕೊಡುವ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುವುದರಿಂದ ಅದನ್ನು ಬೆಳಿಗ್ಗೆ ತಿಂಡಿಯ ನಂತರ ಕೊಡುವುದು ವಾಡಿಕೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ದಿನಗಳಲ್ಲಿ ಶುಗರ್ ಏರುತ್ತದೆ, ಅಳೆದು ನೋಡುತ್ತಿರಬೇಕು. ವಾಂತಿಯದೇ ಇನ್ನೊಂದು ಮಾತ್ರೆ ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ನೀರು, ಪರಂಗಿ ಹಣ್ಣು, ಡಾಕ್ಟರು ಒಪ್ಪಿದ ಸಿರಪ್ಪು ಜೊತೆಗಿರಲಿ. ತಾವಾಗಿಯೇ ಎನಿಮಾ ಕೊಡುವುದು ಈ ಕಾಲದಲ್ಲಿ ಅಪಾಯ. ಒಂದು ದಿನವಿಡೀ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯುವುದು ಬೇಡ.

ಊಟಕ್ಕಿಂತ ವಾಸನೆಯೇ ದೊಡ್ಡ ಶತ್ರು. ನಮ್ಮ ಮನೆಯಲ್ಲಿ ಸಾಸಿವೆ ಸಿಡಿದ ಸದ್ದು ಕೇಳಿದರೆ ಸಾಕು, ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಹಾಗಾಗಿ ಮೊದಲ 5 ದಿನ ಒಗ್ಗರಣೆಯನ್ನೇ ನಿಲ್ಲಿಸಿದೆವು. ಬಿಸಿ ಅಡುಗೆಗಿಂತ ಆರಿದ ಅಡುಗೆಗೆ ವಾಸನೆ ಕಡಿಮೆ. ಆರಿದ ಇಡ್ಲಿ, ಒಗ್ಗರಣೆಯಿಲ್ಲದ ಮೊಸರನ್ನ, ಹೆಸರುಬೇಳೆಯ ತಿಳಿ, ತೆಳ್ಳಗಿನ ರಾಗಿ ಗಂಜಿ, ಬೆಳಿಗ್ಗೆ ಎದ್ದೊಡನೆ ಒಂದೆರಡು ರಸ್ಕು, ಇವು ಒಳಗೆ ಇಳಿದವು. ಮೂರು ಹೊತ್ತಿನ ಊಟದ ಬದಲು ಎರಡೆರಡು ಗಂಟೆಗೊಮ್ಮೆ ಅರ್ಧ ಬಟ್ಟಲು ಕೊಡಿ. ಅವರಿಗೆ ಅತ್ಯಂತ ಪ್ರಿಯವಾದ ತಿಂಡಿಯನ್ನು ಮಾತ್ರ ಈ ದಿನಗಳಲ್ಲಿ ಮಾಡಬೇಡಿ, ಯಾಕೆಂದರೆ ವಾಕರಿಕೆಯೊಂದಿಗೆ ಸೇರಿಕೊಂಡ ರುಚಿ ಮುಂದೆ ಬಹುಕಾಲ ಹೇಸಿಗೆಯಾಗಿ ಉಳಿಯಬಹುದು. ಸ್ಟೀಲ್ ಲೋಟದ ನೀರು ನಾಣ್ಯ ನೆಕ್ಕಿದಂತಿದೆ ಎಂದು ಅಮ್ಮ ದೂರಿದಾಗ ಗಾಜಿನ ಲೋಟ, ಪಿಂಗಾಣಿ ತಟ್ಟೆಗೆ ಬದಲಾಯಿಸಿದೆವು. ಬಾಯಲ್ಲಿನ ಲೋಹದ ರುಚಿ ಪೂರ್ತಿ ಹೋಗದಿದ್ದರೂ ನೀರು ಕುಡಿಯುವುದು ಹೆಚ್ಚಾಯಿತು.

5ನೆಯ ದಿನದ ಹೊತ್ತಿಗೆ ಬಾಯಿಯ ಕಡೆ ಗಮನ ಕೊಡಿ. ಹುಣ್ಣು ಏಳುವ ಮೊದಲೇ ಬಾಯಿ ಮುಕ್ಕಳಿಸುವುದನ್ನು ಶುರು ಮಾಡಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಕದಡಿ. ಪ್ರತಿ ಸಲ ತಿಂದ ಮೇಲೆ ಮತ್ತು ಮಲಗುವ ಮುಂಚೆ ಇದರಿಂದ ಮುಕ್ಕಳಿಸಿ ಉಗಿಯಬೇಕು. ನೀರನ್ನು ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಬೇಕಿಂಗ್ ಪೌಡರ್ ಬೇರೆಯ ವಸ್ತು, ಅದನ್ನು ಹಾಕಬೇಡಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿ ಹೆಚ್ಚಿಸುತ್ತದೆ. ತುಂಬಾ ಮೆತ್ತನೆಯ ಬ್ರಷ್ ಬಳಸಿ. ಬೇವಿನ ಕಡ್ಡಿ, ಇದ್ದಿಲು, ಉಪ್ಪಿನ ಹರಳುಗಳಿಂದ ಉಜ್ಜುವ ಅಭ್ಯಾಸವನ್ನು ಚಿಕಿತ್ಸೆ ಮುಗಿಯುವವರೆಗೆ ಬಿಡಿ. ನಾಲಿಗೆಯ ಮೇಲೆ ಬಿಳಿ ಪದರ ಕಂಡರೆ ಅದು ಫಂಗಸ್ ಸೋಂಕಿರಬಹುದು, ಅದಕ್ಕೆ ಪ್ರತ್ಯೇಕ ಔಷಧಿ ಬೇಕು. ಎಂಜಲು ನುಂಗಲೂ ಆಗದಷ್ಟು ನೋವಿದ್ದರೆ ಸಹಿಸಿಕೊಂಡಿರಬೇಡಿ ಎಂದು ರೋಗಿಗೆ ಬಿಡಿಸಿ ಹೇಳಿ. ನಮ್ಮ ಹಿರಿಯರು, ಅದರಲ್ಲೂ ಹೆಂಗಸರು, ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಇನ್ನು ಜ್ವರದ ವಿಷಯ. ಈ ಬರಹದಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಕೀಮೋ ಮೂಳೆಮಜ್ಜೆಯನ್ನು ತಾಕುವುದರಿಂದ ಎರಡನೆಯ ವಾರದಲ್ಲಿ ಬಿಳಿ ರಕ್ತಕಣಗಳು ತೀರಾ ಕುಸಿಯುತ್ತವೆ. ಕೀವು, ಊತ, ಕಫ ಮೊದಲಾದ ಸೋಂಕಿನ ಗುರುತುಗಳು ಕಾಣಿಸಿಕೊಳ್ಳುವುದೇ ಬಿಳಿ ಕಣಗಳ ಕೆಲಸದಿಂದ. ಆ ಕಣಗಳೇ ಇಲ್ಲದಾಗ ಜ್ವರವೊಂದೇ ಸುಳಿವಾಗಿ ಉಳಿಯುತ್ತದೆ. ಮೊದಲ ಸೈಕಲಿನ 9ನೆಯ ರಾತ್ರಿ ಅಮ್ಮನಿಗೆ ಚಳಿ ಹತ್ತಿ ನಡುಕ ಬಂತು. ನಾನು ಥರ್ಮಾಮೀಟರ್ ಹುಡುಕುವಷ್ಟರಲ್ಲಿ ಪಕ್ಕದ ಮನೆಯವರು ಪ್ರೀತಿಯಿಂದಲೇ ಒಂದು ಪ್ಯಾರಸಿಟಮಾಲ್ ಕೊಟ್ಟರು. ಮೈ ತಣ್ಣಗಾಯಿತು, ನಾವು ನೆಮ್ಮದಿಯಿಂದ ಮಲಗಿದೆವು. ಬೆಳಗಾಗುವ ಹೊತ್ತಿಗೆ ಅವಳಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ, ಬಿಪಿ ಇಳಿದಿತ್ತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮೊದಲು ಅದನ್ನು ವೈರಲ್ ಜ್ವರ ಎಂದರು. ಕೀಮೋ ಆಗಿ 9 ದಿನ ಎಂಬ ಮಾತು ಹೇಳಲು ನಮಗೂ ಹೊಳೆಯಲಿಲ್ಲ. ಅವಳು ಉಳಿದಳು, ಆದರೆ 6 ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ನಿಯಮ ಹೀಗಿತ್ತು. 7ನೆಯ ದಿನದಿಂದ ಬೆಳಿಗ್ಗೆ, ಸಂಜೆ ಮತ್ತು ಮೈ ಸರಿಯಿಲ್ಲ ಎನಿಸಿದಾಗಲೆಲ್ಲ ಜ್ವರ ಅಳೆಯುವುದು. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ಬಾಯಲ್ಲಿ ಇಡುವುದು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಹೊತ್ತು ಎಷ್ಟೇ ಆಗಿರಲಿ ಹೊರಡುವುದು. ಜ್ವರವಿಲ್ಲದಿದ್ದರೂ ಚಳಿ ನಡುಕ ಬಂದರೆ ಅದೇ ನಿಯಮ. ವಾರ್ಡಿಗೆ ಫೋನ್ ಮಾಡದೆ ಜ್ವರದ ಮಾತ್ರೆ ಕೊಡುವಂತಿಲ್ಲ. ಕ್ಯಾನ್ಸರ್ ಆಸ್ಪತ್ರೆ ದೂರವಿದ್ದರೆ ಜಿಲ್ಲಾಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ 108ರಲ್ಲಾದರೂ ಹೋಗಿ, ಬಾಗಿಲಲ್ಲೇ, “ಇವರಿಗೆ ಕೀಮೋ ಆಗಿ ಇಷ್ಟು ದಿನ, ಈಗ ಜ್ವರ ಇಷ್ಟಿದೆ, ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಮಾಡಿ” ಎಂದು ಹೇಳಿ ಡಿಸ್ಚಾರ್ಜ್ ಸಮ್ಮರಿಯನ್ನು ಕೈಗೆ ಕೊಡಬೇಕು. ಇಂಥವರಿಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಅನ್ನು ಒಂದು ಗಂಟೆಯೊಳಗೆ ಶುರು ಮಾಡಬೇಕೆಂಬುದು ವೈದ್ಯರೂ ಒಪ್ಪಿದ ಕ್ರಮ, ಹಾಗಾಗಿ ಸಾಲಿನಲ್ಲಿ ಕಾಯದೆ ಕೇಳುವುದರಲ್ಲಿ ಸಂಕೋಚ ಬೇಡ. ಒಸಡಿನಲ್ಲಿ ರಕ್ತ ನಿಲ್ಲದಿರುವುದು, ಮೈಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ಉಸಿರುಗಟ್ಟುವುದು, ಮಾತು ತೊದಲುವುದು ಇವಕ್ಕೂ ತಡ ಮಾಡುವಂತಿಲ್ಲ.

ನೋಡಿಕೊಂಡು ಹೋಗಲು ಬರುವ ನೆಂಟರನ್ನು ಬೇಡವೆನ್ನುವುದು ನಮ್ಮಲ್ಲಿ ಕಷ್ಟ. ಇದಕ್ಕೂ ಕ್ಯಾಲೆಂಡರೇ ನೆರವಾಗುತ್ತದೆ: “10ನೆಯ ದಿನ ಬೇಡ, 18ನೆಯ ದಿನ ಊಟಕ್ಕೇ ಬನ್ನಿ” ಎಂದರೆ ಯಾರೂ ಬೇಸರಪಡುವುದಿಲ್ಲ. ನೆಗಡಿ, ಕೆಮ್ಮು ಇರುವವರು ಮಾತ್ರ ಯಾವ ದಿನವೂ ಬರಬಾರದು. ಬಂದವರೆಲ್ಲ ಒಂದೊಂದು ಪಥ್ಯ ಹೇಳಿ ಹೋಗುತ್ತಾರೆ. ಹಾಲು, ಮೊಟ್ಟೆ, ಸಕ್ಕರೆ ಎಲ್ಲ ಬಿಡಿಸಿದರೆ ರೋಗಿ ಸೊರಗುತ್ತಾರೆಯೇ ಹೊರತು ರೋಗ ಸೊರಗುವುದಿಲ್ಲ. ಬೇಳೆ, ಮೊಸರು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಪನೀರ್, ತಿನ್ನುವವರಾದರೆ ಮೀನು, ಕೋಳಿ, ಇವುಗಳಿಂದ ಬರುವ ಪ್ರೋಟೀನ್ ಬೇಕೇ ಬೇಕು. ಬಿಡಬೇಕಾದದ್ದು ರಸ್ತೆಬದಿಯ ಕತ್ತರಿಸಿದ ಹಣ್ಣು, ಕಬ್ಬಿನ ಹಾಲು, ಪಾನಿಪುರಿ ಮತ್ತು ನಿನ್ನೆಯ ತಂಗಳು. ಅಮೃತಬಳ್ಳಿಯ ಕಷಾಯವನ್ನು ಕೋವಿಡ್ ಕಾಲದಲ್ಲಿ ನಿರಂತರವಾಗಿ ಕುಡಿದ ಕೆಲವರಿಗೆ ಲಿವರ್ ಊತವಾದದ್ದನ್ನು ಮುಂಬೈನ ವೈದ್ಯರು ದಾಖಲಿಸಿದ್ದಾರೆ. ಕೀಮೋ ಔಷಧಿಗಳನ್ನು ಕರಗಿಸುವ ಕೆಲಸವೂ ಲಿವರಿನದೇ ಆದ್ದರಿಂದ ಯಾವ ಕಷಾಯ, ಪುಡಿ, ಲೇಹ್ಯವನ್ನೂ ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಸಾರಿಗೆ ಹಾಕುವ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಈ ಔಷಧಿಗಳಿಗೆ ಕೂದಲು 2ರಿಂದ 3 ವಾರಗಳಲ್ಲಿ ಉದುರತೊಡಗುತ್ತದೆ. ಮುಂಚೆಯೇ ಸಣ್ಣಗೆ ಕತ್ತರಿಸಿಕೊಂಡರೆ ದಿಂಬಿನ ಮೇಲೆ ಜಡೆಗಟ್ಟಲೆ ಕೂದಲು ಕಾಣುವ ಆಘಾತ ತಪ್ಪುತ್ತದೆ. ಸುಸ್ತಿಗೆ ಪೂರ್ತಿ ಮಲಗಿರುವುದು ಮದ್ದಲ್ಲ. ದಿನಕ್ಕೆ ಎರಡು ಸಲ ಅಂಗಳದಲ್ಲಿ ಹತ್ತು ನಿಮಿಷ ನಡೆದವರಿಗೆ ಸುಸ್ತು ಕಡಿಮೆ.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ವಾಂತಿ ಕಡಿಮೆಯಾಗಿ, ಕೈಕಾಲುಗಳ ಜೋಮು ಮುಂದೆ ಬಂತು. ಅಮ್ಮ ಅದನ್ನು ಹೇಳಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಮುಂದಿನ ರಂಗೋಲಿಯ ಎಳೆಗಳು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿ ಬಿದ್ದಿದ್ದನ್ನು ನೋಡಿ ಕೇಳಿದೆ. ಹುಡಿ ಬೆರಳ ನಡುವೆ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂದಳು. ಕುಪ್ಪಸದ ಹುಕ್ಕು ಹಾಕಲು ತಡವಾಗುವುದು, ಚಪ್ಪಲಿ ಕಳಚಿದ್ದು ಗೊತ್ತಾಗದಿರುವುದು ಇದೇ ಜಾತಿಯ ಗುರುತುಗಳು. ಬೇಗ ಹೇಳಿದರೆ ಡಾಕ್ಟರು ಡೋಸ್ ಇಳಿಸಬಹುದು. ತಡವಾದರೆ ಜೋಮು ಉಳಿದುಕೊಳ್ಳಬಹುದು. ಮನೆಯಲ್ಲೂ ಚಪ್ಪಲಿ ಹಾಕಿಸಿ, ಸ್ನಾನದ ನೀರಿನ ಬಿಸಿಯನ್ನು ಬೇರೆಯವರು ನೋಡಿ ಕೊಡಿ, ಕಾವಲಿ ಮುಟ್ಟುವ ಕೆಲಸ ತಪ್ಪಿಸಿ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಆದರೆ ಕೆಲವು ದಿನ ತಣ್ಣೀರು, ಫ್ರಿಜ್ಜಿನ ವಸ್ತು, ಬೆಳಗಿನ ತಣ್ಣನೆಯ ನೆಲ ಯಾವುದೂ ಬೇಡ. ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆಯಿಂದ ಅಂಗೈ ಅಂಗಾಲು ಕೆಂಪಾಗಿ ಉರಿದರೆ, ಅಥವಾ ಭೇದಿ ಎಂದಿಗಿಂತ ದಿನಕ್ಕೆ 4 ಸಲ ಹೆಚ್ಚಾದರೆ, ಮುಂದಿನ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ. ಭೇದಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ನೀರಿಗೆ ಬೆರೆಸಿ, 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ.

15ನೆಯ ದಿನದಿಂದ ಹಸಿವು ಮರಳುತ್ತದೆ, ಒಗ್ಗರಣೆಯ ವಾಸನೆ ಮತ್ತೆ ಹಿತವಾಗುತ್ತದೆ. ತೂಕ ನೋಡಿ ಬರೆದುಕೊಳ್ಳಿ, ಅವರು ಕೇಳಿದ್ದನ್ನು ಮಾಡಿಕೊಡಿ. 20ನೆಯ ದಿನ ನೋಟ್‌ಬುಕ್ ತೆರೆದು, ಯಾವ ದಿನ ಎಷ್ಟು ಸಲ ವಾಂತಿ, ಎಷ್ಟು ದಿನ ಬಾಯಿಹುಣ್ಣು, ಅತಿ ಹೆಚ್ಚಿನ ಜ್ವರ ಎಷ್ಟು ಎಂಬುದನ್ನು ಒಂದೇ ಹಾಳೆಗೆ ಇಳಿಸಿ. ಹೊರರೋಗಿ ವಿಭಾಗದಲ್ಲಿ ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. ಎರಡನೆಯ ಸೈಕಲಿಗೆ ಹೋದಾಗ ನಮ್ಮ ಡಾಕ್ಟರು ಆ ಹಾಳೆಯನ್ನು ಓದಿ, 3 ಮತ್ತು 4ನೆಯ ದಿನದ ವಾಂತಿಗೆ ರಾತ್ರಿಯ ಮಾತ್ರೆಯೊಂದನ್ನು ಸೇರಿಸಿದರು. ಬಿಳಿ ರಕ್ತಕಣದ ಇಂಜೆಕ್ಷನ್ ಬರೆದರು. ಆ ಸಲ 9ನೆಯ ದಿನ ಅಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.